ಬೆನ್ನ ಮೇಲಿನ ಮನೆ

ಬೆಳಗಾವಿ, ಬಾಗಲಕೋಟೆ ಸೀಮೆಯ ಸಂಚಾರಿ ಕುರಿಗಾರರ ಸಂಸಾರ ಒಂದು ಕುದುರೆಯ ಬೆನ್ನ ಮೇಲೆ ಹಿಡಿಸಿಬಿಡುತ್ತದೆ: ಪಾತ್ರೆ, ಜೋಳದ ಹಿಟ್ಟಿನ ಚೀಲ, ಕಂಬಳಿ, ನಡೆಯಲಾಗದ ಎಳೆಮರಿ, ಕೆಲವೊಮ್ಮೆ ಅದರ ಪಕ್ಕದಲ್ಲೇ ಒಂದು ಕೂಸು. ಇದನ್ನು ಕಂಡ ನಾವು ‘ಪಾಪ, ನೆಲೆಯಿಲ್ಲದವರು’ ಅನ್ನುತ್ತೇವೆ. ಈ ಮರುಕದ ಲೆಕ್ಕ ತಪ್ಪು. ಇವರಿಗೂ ಊರಿದೆ, ಅಲ್ಲಿ ಹಿರಿಯರಿದ್ದಾರೆ, ತಿರುಗಾಟ ದಿಕ್ಕುಗೆಟ್ಟದ್ದಲ್ಲ. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು ಕುರಿಯ ಗೊರಸನ್ನು ಕೆಡಿಸುತ್ತದೆ, ಆಗ ಮಸಾರಿ ನೆಲ ಬೇಕು. ಸುಗ್ಗಿ ಮುಗಿದ ಮೇಲೆ ಕೂಳೆ ಉಳಿದ ಹೊಲ ಬೇಕು. ಹೊಲದವನಿಗೂ ಇವರು ಬೇಕು. ರಾತ್ರಿ ಕುರಿ ತರುಬಿದರೆ ಹಿಕ್ಕೆ, ಗಂಜಲ ನೇರ ಮಣ್ಣಿಗಿಳಿಯುತ್ತವೆ, ಗೊಬ್ಬರ ಸಾಗಿಸುವ ಖರ್ಚಿಲ್ಲ. ಅದಕ್ಕೇ ಕಾಳೋ ದುಡ್ಡೋ ಕೊಟ್ಟು ಕರೆಸಿಕೊಳ್ಳುತ್ತಾನೆ. ಬೇಡದವರಿಗೆ ಯಾರೂ ಹೀಗೆ ಕೊಡುವುದಿಲ್ಲ.

ಹಾಗಾದರೆ ಮಕ್ಕಳ ಓದು? ಈ ಆಕ್ಷೇಪದಿಂದ ಜಾರಿಕೊಳ್ಳುವಂತಿಲ್ಲ. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟರೆ ಶಾಲೆ ಸಿಗುತ್ತದೆ, ತಾಯಿ ಸಿಗುವುದಿಲ್ಲ. ಜೊತೆಗೆ ಕರೆದೊಯ್ದರೆ ಶಾಲೆ ತಪ್ಪುತ್ತದೆ. ಆದರೆ ಇದು ನಡಿಗೆಯ ದೋಷವೋ, ಒಂದೇ ವಿಳಾಸಕ್ಕೆ ಗೂಟ ಹೊಡೆದ ವ್ಯವಸ್ಥೆಯದೋ? ಪಡಿತರವೂ ಹಿಂದೆ ಹೀಗೇ ಇತ್ತು. 2019ರಲ್ಲಿ ಶುರುವಾದ ‘ಒಂದು ದೇಶ, ಒಂದು ಪಡಿತರ ಚೀಟಿ’ಯಿಂದಾಗಿ ಪರವೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಪಡೆಯಬಹುದು. ಅಕ್ಕಿಗೆ ಆದದ್ದು ಶಾಲೆಯ ಹಾಜರಿಗೆ ಏಕೆ ಆಗಬಾರದು? ಒಂದೆಡೆ ಕೂತು ಕುರಿ ಸಾಕಲಿ ಎನ್ನುವವರೂ ಇದ್ದಾರೆ. ಸಾಕಬಹುದು, ಮೇವು ಕೊಂಡು. ಇವರ ಗಳಿಕೆ ನಿಂತಿರುವುದೇ ಕೊಳ್ಳದ ಮೇವಿನ ಮೇಲೆ. ಊರ ಗೋಮಾಳವೋ, ಒತ್ತುವರಿಯಲ್ಲಿ ಕರಗುತ್ತಿದೆ.