ಊರಲ್ಲಿಯೇ ಒಂದು ಉದ್ಯೋಗ
(ಹಾವೇರಿಯಲ್ಲಿ ತರುಣರ ಮುಂದೆ ಮಾಡಿದ ಭಾಷಣ)



ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಈ ಮೂರು ಪಟ್ಟಣಗಳೂ ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ಒಂದೇ ರೇಲ್ವೆ ದಾರಿಯ ಮೇಲೆ ಇರುವವು. ಅದೇ ದಾರಿಯ ಗಾಡಿ ಹತ್ತಿ ನಮ್ಮ ತರುಣರು ಬೆಂಗಳೂರಿಗೆ ಹೋಗುತ್ತಿರುವದನ್ನು ನಾವು ಕಾಣುತ್ತಿದ್ದೇವೆ. ಹೋಗಬೇಡಿರೆಂದು ಹೇಳಲು ನಾವು ನಿಂತಿಲ್ಲ, ಹೋಗುವವರು ಹೋಗಲಿ. ಆದರೆ ತಾಯಿಯ ಬಂಗಾರವನ್ನು ಒತ್ತೆಯಿಟ್ಟಾದರೂ ಊರಲ್ಲಿಯೇ ಏನಾದರೊಂದು ಹೂಡಬೇಕೆಂದು ನಿಶ್ಚಯಿಸಿದವನೊಬ್ಬನು ಈ ಸಭೆಯಲ್ಲಿ ಕುಳಿತಿರಬಹುದು. ನಮ್ಮ ಮಾತು ಅವನೊಡನೆ. ಆ ಬಂಗಾರ ಮುಳುಗಿದರೆ ಮತ್ತೆ ಹೂಡುವದಕ್ಕೆ ಆ ಮನೆಯಲ್ಲಿ ಏನೂ ಉಳಿಯುವದಿಲ್ಲ.

ಉದ್ಯೋಗವೆಂದೊಡನೆ ನಮ್ಮವರಿಗೆ ಅಂಗಡಿಯೇ ಕಣ್ಣ ಮುಂದೆ ನಿಲ್ಲುವದು. ಒಬ್ಬನ ಮೊಬಾಯಿಲ್ ಅಂಗಡಿ ನಡೆಯಿತೆಂದರೆ ಅದರ ಮಗ್ಗುಲಿಗೆ ಇನ್ನು ಮೂರು ಏಳುವವು. ಮರುವರ್ಷ ನಾಲ್ವರಿಗೂ ಬಾಡಿಗೆ ಹುಟ್ಟುವದಿಲ್ಲ. ಸೇವೆಯ ಉದ್ಯೋಗಕ್ಕೆ ಬಂಡವಲು ಕಡಿಮೆ ಸಾಕು, ಇದು ನಿಜ. ಆದರೆ ಅದಕ್ಕೊಂದು ಕಠಿಣ ನಿಯಮವುಂಟು. ಇಂದು ಮಾರದ ಬೆಲ್ಲ ನಾಳೆಗಾದರೂ ಬರುವದು. ಕೆಲಸವಿಲ್ಲದೆ ಕಳೆದ ದಿನವನ್ನು ಮಾತ್ರ ಯಾವ ಗೋದಾಮಿನಲ್ಲಿಯೂ ಇಡಲಾಗದು. ಆದುದರಿಂದ ನಮಗೇನು ಬರುತ್ತದೆಂದು ಎಣಿಸುವದಕ್ಕೆ ಮುಂಚೆ, ಜನರು ಯಾವುದಕ್ಕಾಗಿ ಕಾಯುತ್ತ ನಿಂತಿದ್ದಾರೆಂಬುದನ್ನು ನೋಡಬೇಕು.

ಸುಗ್ಗಿಯಲ್ಲಿ ಬ್ಯಾಡಗಿಯ ಪೇಟೆಗೆ ಹೋಗಿ ಒಂದು ದಿನ ಸುಮ್ಮನೆ ನಿಲ್ಲಿರಿ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಬ್ಯಾಡಗಿ ಮೆಣಸಿನಕಾಯಿಯ ಹಿರಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಈ ಪೇಟೆಗೆ ಸುತ್ತಲಿನ ಹಳ್ಳಿಗಳಿಂದ ಮಾತ್ರವಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲಿನ ಕಡೆಯಿಂದಲೂ ಚೀಲಗಳು ಬರುವವು. ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಚೀಲ ಹೊಲಿಯುವವರು, ಹಮಾಲರು, ತೂಕದವರು, ಲಾರಿಯವರು, ಬಣ್ಣ ಮಾಸದಂತೆ ಕಾಯಿಯನ್ನು ಕಾಯುವ ಶೀತಲಗೃಹದವರು, ಇವರಲ್ಲಿ ಒಬ್ಬರೂ ಮೆಣಸಿನಕಾಯಿ ಮಾರುವವರಲ್ಲ; ಆದರೆ ಎಲ್ಲರೂ ಅದರಿಂದಲೇ ಉಣ್ಣುವರು. ರಾತ್ರಿಯೆಲ್ಲ ಲಾರಿಯಲ್ಲಿ ಬಂದ ರೈತನು ಟೆಂಡರಿನ ಧಾರಣೆ ತಿಳಿಯುವವರೆಗೂ ಕಾಯುತ್ತಾನೆ. ಅವನಿಗೆ ಬೇಕಾದುದು ಮೈತೊಳೆಯಲು ನೀರು, ಬಿಸಿ ರೊಟ್ಟಿ, ಪಲ್ಯ.

ಹಾಗಾದರೆ ಖಾನಾವಳಿ ಹಾಕೋಣವೇ? ಹಾಕಬಹುದು; ಲೆಕ್ಕ ಮಾತ್ರ ಸುಗ್ಗಿಯದಾಗಬಾರದು. ವಾರದಲ್ಲಿ ಎರಡು ಮಾರಾಟದ ದಿನಗಳಿಗೆ 100ರಂತೆ, ಉಳಿದ ಐದು ದಿನಗಳಿಗೆ 20ರಂತೆ ಊಟ ಹೋಗುವವೆಂದು ಹಿಡಿಯಿರಿ. ವಾರಕ್ಕೆ 300 ಊಟ. ಮಳೆಗಾಲದಲ್ಲಿ ಪೇಟೆ ತೆಳುವಾದಾಗ ಏಳೂ ದಿನ ಇಪ್ಪತ್ತೇ ಆದರೆ 140. ಮನೆಯ ಬಾಡಿಗೆಯನ್ನೂ ಆಳುಗಳ ಪಗಾರವನ್ನೂ ಈ 140ರ ಮೇಲೆ ಕಟ್ಟಬೇಕು. 300ರ ಮೇಲೆ ಕಟ್ಟಿದವನು ಜೂನ್ ತಿಂಗಳಲ್ಲಿ ಬಾಗಿಲು ಎಳೆಯುವನು. ಇನ್ನೊಂದು ಮಾತು. ಅಡಿಗೆಯಲ್ಲಿ ಕೂಡಿಡಬಹುದಾದದ್ದು ನಮ್ಮ ಖಡಕ್ ರೊಟ್ಟಿ. ಪೇಟೆ ಮಲಗಿದ ತಿಂಗಳುಗಳಲ್ಲಿ ಅದನ್ನು ಬಡಿದು ಬೆಂಗಳೂರಿನಲ್ಲಿರುವ ನಮ್ಮವರಿಗೇ ಕಳಿಸಬಹುದು. ಗಾಡಿ ಹತ್ತಿ ಹೋದವರು ಗಿರಾಕಿಗಳಾದರೂ ಆಗಲಿ!

ರಾಣೇಬೆನ್ನೂರಿನ ಸುತ್ತಲಿನ ರೈತನು ಕಾಯುವದು ಮೋಟಾರಿಗಾಗಿ. ಮೂರು ಫೇಜುಗಳಲ್ಲಿ ಒಂದು ಕಡಿದುಹೋದರೂ ಕೊಳವೆಬಾವಿಯ ಮೋಟಾರು ಎಳೆಯುತ್ತಲೇ ಇರುವದು. ಉಳಿದ ಸುರುಳಿಗಳಲ್ಲಿ ಮಿತಿಮೀರಿ ವಿದ್ಯುತ್ತು ಹರಿದು ಸುಟ್ಟುಹೋಗುವದು. ಆ ಸೀಮೆಯಲ್ಲಿ ಬೀಜೋತ್ಪಾದನೆಯ ಹೊಲಗಳು ಬಹಳ. ಒಂದೊಂದು ಹೂವನ್ನೂ ಕೈಯಿಂದ ಪರಾಗ ಮುಟ್ಟಿಸಿ ಕಾಯಿಕಟ್ಟಿಸುವ ಹೊತ್ತಿನಲ್ಲಿ ನೀರು ನಿಂತರೆ ಅಷ್ಟು ಕೂಲಿಯೂ ಮಣ್ಣುಪಾಲು. ಇಂಥವನಿಗೆ ನಾಡಿದ್ದು ಕೊಡುವೆನೆಂದು ಹೇಳಿ ನಾಡಿದ್ದೇ ಕೊಡುವ ರಿವೈಂಡಿಂಗಿನವನು ದೇವರಿಗೆ ಸಮ. ನಾಳೆಯೆಂದು ಹೇಳಿ ಎಂಟು ದಿನ ಅಲೆದಾಡಿಸುವವನು ನಾಲ್ಕು ಹಳ್ಳಿಗಳನ್ನು ಕಳೆದುಕೊಳ್ಳುವನು. ಕೆಲಸದ ಸತ್ವ ಎಣಿಕೆಯಲ್ಲಿದೆ: ಹಳೆಯ ಸುರುಳಿಯಲ್ಲಿ ಎಷ್ಟು ಸುತ್ತು, ತಂತಿಯ ದಪ್ಪವೆಷ್ಟು, ಹೊಸದರಲ್ಲಿಯೂ ಅಷ್ಟೇ ಇರಬೇಕು. ತೆಳು ತಂತಿ ಸುತ್ತಿ ತಾಮ್ರ ಉಳಿಸಿದರೆ ಮೋಟಾರು ಬೇಗನೆ ಮರಳಿ ಬರುವದು, ರೈತನು ಬರುವದಿಲ್ಲ. ಬಿಚ್ಚಿದ ಸುಟ್ಟ ತಾಮ್ರ ರೈತನ ಸೊತ್ತು. ಅದನ್ನು ಅವನ ಕಣ್ಣೆದುರಿಗೆ ತೂಗಿ ಲೆಕ್ಕದಲ್ಲಿ ಕಳೆಯಬೇಕು. ಆಯ್.ಟಿ.ಆಯ್. ಕಲಿತವರೂ ಒಂದು ವರ್ಷವಾದರೂ ಉಸ್ತಾದರ ಕೈಕೆಳಗೆ ದುಡಿಯದೆ ತಮ್ಮ ಹೆಸರಿನ ಹಲಗೆ ಹಾಕಬಾರದೆಂದು ನಮ್ಮ ಅಭಿಪ್ರಾಯ.

ಇನ್ನು ನಮ್ಮ ಹಾವೇರಿ. ಏಲಕ್ಕಿ ಬೆಳೆಯುವದು ಮಲೆನಾಡಿನಲ್ಲಿ. ಏಲಕ್ಕಿಯ ಹಾರಕ್ಕೆ ಹೆಸರಾದದ್ದು ಈ ಊರು. ಕಾಯಿ ಪರರದು, ಕೈ ನಮ್ಮದು. 1997ರಲ್ಲಿ ಜಿಲ್ಲೆಯ ಮುಖ್ಯಸ್ಥಳವಾದಂದಿನಿಂದ ಇಲ್ಲಿ ಕಚೇರಿಗಳಿಗೆ ಬಂದು ಕಾಯುವವರಿಗೆ ಕೊರತೆಯಿಲ್ಲ. ಅವರಲ್ಲಿ ಯಾರಿಗೆ ಏನು ಬೇಕಾಗಿದೆಯೆಂಬುದನ್ನು ನೀವೇ ನಿಂತು ನೋಡಿರಿ.

ಹಣದ ವಿಷಯ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿಯವರೆಗೆ ಒತ್ತೆಯಿಲ್ಲದೆ ಸಾಲವುಂಟು. ಬಂಗಾರವನ್ನು ಮುಟ್ಟುವ ಮುಂಚೆ ಬ್ಯಾಂಕಿನಲ್ಲಿ ಅದನ್ನು ಕೇಳಿರಿ. 2020ರಿಂದ ನಡೆದಿರುವ ಉದ್ಯಮ್ ನೋಂದಣಿಗೆ ಸರಕಾರದ ಶುಲ್ಕವಿಲ್ಲ. ನೋಂದಣಿಯ ಹೆಸರಿನಲ್ಲಿ ಸಾವಿರಾರು ರೂಪಾಯಿ ಬೇಡುವ ಮಧ್ಯಸ್ಥರನ್ನು ದೂರವಿಡಿರಿ. ಖಾನಾವಳಿಗೆ ಆಹಾರ ಸುರಕ್ಷತೆಯ ನೋಂದಣಿ ಬೇಕೇ ಬೇಕು.

ಆದರೆ ಸಾಲ ಸಿಗದುದರಿಂದ ಮುಳುಗಿದವರಿಗಿಂತ ಉದ್ರಿ ಕೊಟ್ಟು ಮುಳುಗಿದವರೇ ಹೆಚ್ಚು. ಊರು ಸಣ್ಣದು, ಗಿರಾಕಿ ಮಾವನಾಗಿರುವನು, ಇಲ್ಲವೇ ಅಣ್ಣನ ಗೆಳೆಯನು. ಸುಗ್ಗಿಗೆ ಕೊಡುವೆನೆಂಬ ರೈತನಿಗೆ ಇಲ್ಲವೆನ್ನುವದೂ ಧರ್ಮವಲ್ಲ. ಅದಕ್ಕಾಗಿ ಒಂದು ಕಟ್ಟು ಹಾಕಿಕೊಳ್ಳಿರಿ: ತಂತಿಯ ಬೆಲೆ ರೋಖ, ಕೂಲಿ ಬೇಕಾದರೆ ಉದ್ರಿ. ಪಾವತಿಯನ್ನು ಕನ್ನಡದಲ್ಲಿಯೇ ಬರೆಯಿರಿ. ತಾರೀಖು, ಸುತ್ತಿನ ಎಣಿಕೆ, ತಂತಿಯ ದಪ್ಪ, ಕಳೆದ ತಾಮ್ರದ ತೂಕ, ಉಳಿದ ಬಾಕಿ ಎಲ್ಲವನ್ನೂ ಬರೆದು, ಓದಿ ಹೇಳಿ, ಒಂದು ಪ್ರತಿ ಅವನಿಗೆ ಕೊಟ್ಟು ಒಂದನ್ನು ನೀವಿಟ್ಟುಕೊಳ್ಳಿರಿ. ಆರು ತಿಂಗಳ ಮೇಲೆ ತಗಾದೆಗೆ ಹೋದಾಗ ಇಬ್ಬರ ಕೈಯಲ್ಲಿಯೂ ಅದೇ ಕಾಗದವಿರುವದು.