ಆಟದ ಯುದ್ಧಕ್ಕೆ ಪರ್ಮಿಶನ್ ಯಾರು ಕೊಡ್ತಾರೆ?

ಇವತ್ತು ರಾಜಕೀಯ ಸ್ವಲ್ಪ ಪಕ್ಕಕ್ಕಿಡೋಣ. ಒಂದು ನೋಟ್‌ಬುಕ್ ಬಗ್ಗೆ ಮಾತಾಡ್ತೀನಿ.

ಗಂಗಾವತಿಯಲ್ಲಿ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ಮುಗಿಸಿಕೊಂಡು ಹೊರಗೆ ಬಂದರೆ ಕಾರಿನ ಹತ್ತಿರ ಐದು ಜನ ಹುಡುಗರು ನಿಂತಿದ್ದರು. ಸೆಲ್ಫಿ ಇರಬೇಕು ಅಂದುಕೊಂಡೆ. ಅಲ್ಲ. ಒಬ್ಬ ಇನ್ನೂರು ಪುಟದ ನೋಟ್‌ಬುಕ್ ತೆಗೆದು ಕಾರಿನ ಬಾನೆಟ್ ಮೇಲೆ ಇಟ್ಟ. ಒಳಗೆ ಸ್ಕೆಚ್ ಪೆನ್ನಿನಲ್ಲಿ ಬರೆದ ಗುಡ್ಡದ ನಕ್ಷೆ. ಕೆಂಪು ಸೈನ್ಯ, ನೀಲಿ ಸೈನ್ಯ. ಎಷ್ಟು ಗಂಟೆಗೆ ಯಾರು ಎಲ್ಲಿಂದ ಹೊರಡಬೇಕು, ಗಾಯಾಳುಗಳ ಟೆಂಟ್ ಎಲ್ಲಿ, ನೀರಿನ ಟ್ಯಾಂಕರ್ ಎಲ್ಲಿ, ಎಲ್ಲಾ ಬರೆದಿದ್ದಾರೆ.

"ಸರ್, ಯುದ್ಧದ ಆಟ ಆಡಬೇಕಂತ ಮಾಡೀವ್ರಿ. ಏರ್‌ಸಾಫ್ಟ್ ಅಂತಾರಲ್ರಿ, ಅದು. ನೂರೈವತ್ತು ಮಂದಿ, ಎರಡು ದಿನ. ಜಾಗ ಐತ್ರಿ, ಮಂದಿ ಅದಾರ. ಪರ್ಮಿಶನ್ ಯಾರು ಕೊಡ್ತಾರಂತ ಗೊತ್ತಾಗವಲ್ದು."

ನಾನು ನಕ್ಕೆ. ತಪ್ಪು ಮಾಡಿದೆ. ವಾಪಸ್ ಬರುವಾಗ ಕೊಪ್ಪಳ ದಾಟುವಷ್ಟರಲ್ಲಿ ಆ ನಗು ಹೋಗಿತ್ತು. ಯಾಕಂದ್ರೆ ಆ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಏರ್‌ಸಾಫ್ಟ್ ಹುಟ್ಟಿದ್ದು ಜಪಾನಿನಲ್ಲಿ, 1970ರ ದಶಕದ ಸುಮಾರಿಗೆ. ಅಲ್ಲಿ ಸಾಮಾನ್ಯ ಜನ ಬಂದೂಕು ಇಟ್ಟುಕೊಳ್ಳೋದು ಭಾರಿ ಕಷ್ಟ. ಹಾಗಾಗಿ ನೋಡೋಕೆ ಥೇಟ್ ಬಂದೂಕಿನ ಹಾಗೇ ಇರುವ, ಆದರೆ 6 ಮಿಲಿಮೀಟರಿನ ಪ್ಲಾಸ್ಟಿಕ್ ಗೋಲಿ ಹಾರಿಸುವ ಆಟಿಕೆ ಬಂತು. ಆಮೇಲೆ ಅದು ಯುರೋಪ್, ಅಮೆರಿಕಕ್ಕೆಲ್ಲ ಹರಡಿತು. ಅದರಲ್ಲೇ ದೊಡ್ಡದು ಮಿಲ್‌ಸಿಮ್, ಅಂದ್ರೆ ಸೈನ್ಯದ ಕಾರ್ಯಾಚರಣೆಯ ಅನುಕರಣೆ. ಸ್ವೀಡನ್ನಿನಲ್ಲಿ ಬೆರ್ಗೆಟ್ ಅನ್ನೋ ಆಟಕ್ಕೆ ಸಾವಿರಕ್ಕೂ ಹೆಚ್ಚು ಜನ ಸೇರ್ತಿದ್ದರು. ಕಮಾಂಡರ್ ಇರ್ತಾನೆ, ವೈರ್‌ಲೆಸ್ ಇರುತ್ತೆ, ರಾತ್ರಿ ಪಾಳಿ ಇರುತ್ತೆ. ಗುಂಡು ಹಾರಿಸೋದು ಕಮ್ಮಿ, ಕಾಯೋದು ಜಾಸ್ತಿ. ಸೈನ್ಯದಲ್ಲಿ ಇದ್ದು ಬಂದವರನ್ನ ಕೇಳಿ, ನಿಜವಾದ ಡ್ಯೂಟಿಯೂ ಹಾಗೇ ಅಂತಾರೆ.

ಆ ಗೋಲಿ ಎಷ್ಟು ಅಪಾಯ? ನಾನು ಓದಿದ್ದು ಇಂಜಿನಿಯರಿಂಗ್, ಇಷ್ಟು ಲೆಕ್ಕ ಇನ್ನೂ ಮರೆತಿಲ್ಲ. ಗೋಲಿಯ ತೂಕ 0.2 ಗ್ರಾಂ. ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೋದರೆ ಅದರ ಶಕ್ತಿ 1 ಜೂಲ್. ಜಪಾನಿನ ಕಾನೂನಿನ ಮಿತಿ 0.98 ಜೂಲ್, ಅಂದ್ರೆ ಹೆಚ್ಚುಕಮ್ಮಿ ಇಷ್ಟೇ. ಬೆನ್ನಿಗೆ ಬಿದ್ದರೆ ಇರುವೆ ಕಚ್ಚಿದ ಹಾಗೆ. ಕಣ್ಣಿಗೆ ಬಿದ್ದರೆ? ಕಣ್ಣು ಹೋಗುತ್ತೆ. ಇದರಲ್ಲಿ ಚೌಕಾಸಿ ಇಲ್ಲ. ಇನ್ನೂರು ರೂಪಾಯಿ ಕನ್ನಡಕ ನಡೆಯಲ್ಲ. ಗೋಲಿಯ ಹೊಡೆತ ತಡೆಯುತ್ತೆ ಅಂತ ಪರೀಕ್ಷೆ ಆಗಿರೋ ಗಾಗಲ್ ಬೇಕು, ಅದೂ ಆಡುವವರಿಗಷ್ಟೇ ಅಲ್ಲ, ನೋಡೋಕೆ ಬಂದವರಿಗೂ. ನಮ್ಮ ಊರುಗಳಲ್ಲಿ ನೋಡೋಕೆ ಬರೋರು ಎಷ್ಟು ಜನ ಅಂತ ನಿಮಗೇ ಗೊತ್ತು. ಜೆಸಿಬಿ ಗುಂಡಿ ತೋಡ್ತಿದ್ರೂ ನಲವತ್ತು ಜನ ನಿಲ್ತಾರೆ!

ಇನ್ನು ಕಾನೂನು. 2016ರ ಆಯುಧ ನಿಯಮಗಳ ಪ್ರಕಾರ 20 ಜೂಲ್ ಮೀರದ, ನಳಿಕೆ 0.177 ಇಂಚು ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. 0.177 ಇಂಚು ಅಂದ್ರೆ 4.5 ಮಿಲಿಮೀಟರ್. ಏರ್‌ಸಾಫ್ಟ್ ಗೋಲಿ 6 ಮಿಲಿಮೀಟರ್. ಶಕ್ತಿಯಲ್ಲಿ ಇಪ್ಪತ್ತನೇ ಒಂದು ಭಾಗ, ಅಗಲದಲ್ಲಿ ಮಾತ್ರ ಒಂದೂವರೆ ಮಿಲಿಮೀಟರ್ ಜಾಸ್ತಿ. ಒಂದು ಪೇಪರಿನಲ್ಲಿ ಡಿಸ್ಟಿಂಕ್ಷನ್, ಇನ್ನೊಂದರಲ್ಲಿ ಫೇಲ್. ಇಂಥ ಜಾಗದಲ್ಲಿ "ಯೂಟ್ಯೂಬ್‌ನಲ್ಲಿ ಆಡ್ತಾರಲ್ಲ" ಅನ್ನೋ ವಾದ ಠಾಣೆಯಲ್ಲಿ ನಿಲ್ಲಲ್ಲ. ಆ ಹುಡುಗರಿಗೆ ನಾನು ಹೇಳಿದ ಮೊದಲ ಮಾತು ಇದೇ: ಒಂದೇ ಒಂದು ಗನ್ ಕೊಳ್ಳೋ ಮೊದಲು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಬರೀರಿ, ಉತ್ತರ ಬರವಣಿಗೆಯಲ್ಲೇ ತಗೊಳ್ರಿ. ಬಾಯಿಮಾತಿನ "ಆಯ್ತು ಹೋಗ್ರಿ" ಬೇಡ. ಹೇಳಿದ ಅಧಿಕಾರಿ ನಾಳೆ ವರ್ಗವಾಗಿ ಹೋಗ್ತಾರೆ.

ಜಾಗದ ವಿಷಯಕ್ಕೆ ಬರೋಣ. ಯುದ್ಧಕ್ಕೆ ಕೊಪ್ಪಳಕ್ಕಿಂತ ಒಳ್ಳೆ ಜಾಗ ಬೇಕಾ? ಕೋಟೆಯನ್ನೇ ನೋಡಿ. 1786ರಲ್ಲಿ ಟಿಪ್ಪು ಅದನ್ನ ಪಾಳೆಯಗಾರನಿಂದ ಪಡೆದು ಫ್ರೆಂಚ್ ಇಂಜಿನಿಯರುಗಳಿಂದ ಗಟ್ಟಿ ಮಾಡಿಸಿದ. 1790-91ರಲ್ಲಿ ನಿಜಾಮನ ಸೈನ್ಯ, ಬ್ರಿಟಿಷ್ ಸೈನ್ಯ ಎರಡೂ ಸೇರಿ ಮುತ್ತಿಗೆ ಹಾಕಿದರೂ ತಿಂಗಳುಗಟ್ಟಲೆ ಜಗ್ಗಲಿಲ್ಲ. 1858ರಲ್ಲಿ ಮುಂಡರಗಿ ಭೀಮರಾಯ ಕೊನೆಯ ಹೋರಾಟ ಮಾಡಿ ಪ್ರಾಣ ಬಿಟ್ಟಿದ್ದೂ ಇಲ್ಲೇ. ಗಂಗಾವತಿ ಕಡೆ ಹೋದರೆ ಆನೆ ಗಾತ್ರದ ಬಂಡೆಗಳು, ಒಂದರ ಸಂದಿಯಲ್ಲಿ ಹತ್ತು ಜನ ಅಡಗಬಹುದು.

ಆದರೆ ಹುಡುಗರ ನಕ್ಷೆಯನ್ನ ಮೊಬೈಲಿನ ಮ್ಯಾಪ್ ಪಕ್ಕ ಇಟ್ಟು ನೋಡಿದೆ. ಅವರು ಗುರುತು ಹಾಕಿದ್ದ ಮೊದಲ ಜಾಗ ಆನೆಗೊಂದಿ ಬದಿ. ಅದು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿ. ವಿರೂಪಾಪುರಗಡ್ಡೆಯಲ್ಲಿ ವರ್ಷಗಟ್ಟಲೆ ನಡೀತಿದ್ದ ರೆಸಾರ್ಟುಗಳು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ನೆಲಸಮ ಆಗಿದ್ದು ನೆನಪಿದೆಯಲ್ಲ? ಎರಡನೇದು ಹಿರೇಬೆಣಕಲ್ ಗುಡ್ಡ. ಅಲ್ಲಿರೋದು ಸಾವಿರಾರು ವರ್ಷ ಹಳೆಯ ಕಲ್ಲಿನ ಸಮಾಧಿಗಳು, ನೂರಾರು. ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿರೋ ಜಾಗ. ಅದರ ಹಿಂದೆ ಅಡಗಿ ಗುಂಡು ಹಾರಿಸೋದಾ? ಮೂರನೇದು ಬಂಕಾಪುರ. ಅದು ತೋಳಗಳ ಅಭಯಾರಣ್ಯ! ಉಳಿದ ಗುಡ್ಡಗಳಲ್ಲಿ ಕರಡಿ, ಚಿರತೆ. ಆನೆಗೊಂದಿ ಹತ್ತಿರ 2020ರಲ್ಲಿ ಒಬ್ಬ ಯುವಕ ಚಿರತೆಗೆ ಬಲಿಯಾಗಿದ್ದಾನೆ. ರಾತ್ರಿ ಹನ್ನೆರಡಕ್ಕೆ ಪೊದೆಯೊಳಗೆ ಅಲುಗಾಡಿದ್ದು ನೀಲಿ ಸೈನ್ಯ ಅಂತ ತಿಳ್ಕೊಂಡು ಹತ್ತಿರ ಹೋದರೆ ಏನು ಗತಿ?

ರಾತ್ರಿ ಅಂದಾಗ ಇನ್ನೊಂದು. ನೋಟ್‌ಬುಕ್‌ನಲ್ಲಿ ಹುಡುಗಿಯರ ಹೆಸರೂ ಇತ್ತು, ಹನ್ನೊಂದು. ಬಹಳ ಖುಷಿಯಾಯ್ತು. ಆದರೆ 2025ರ ಮಾರ್ಚ್‌ನಲ್ಲಿ ಸಣಾಪುರದ ಹತ್ತಿರ ರಾತ್ರಿ ಹೊರಗೆ ಕೂತಿದ್ದ ಪ್ರವಾಸಿಗರ ಮೇಲೆ ಏನಾಯ್ತು, ಒಬ್ಬನ ಜೀವ ಹೇಗೆ ಹೋಯ್ತು ಅನ್ನೋದನ್ನ ನಾನೇ ಈ ಸ್ಟುಡಿಯೋದಲ್ಲಿ ಕೂತು ಓದಿದ್ದೀನಿ. ಆ ಹನ್ನೊಂದು ಮನೆಗಳ ಅಪ್ಪ ಅಮ್ಮನೂ ಅದನ್ನ ನೋಡಿರ್ತಾರೆ. ರಾತ್ರಿಯ ಆಟ ತೆಗೆದುಹಾಕಿ ಅಂದೆ. ಹುಡುಗರ ಮುಖ ಸಪ್ಪಗಾಯ್ತು. ಹುಡುಗಿಯರನ್ನ ಕೈಬಿಡಿ ಅಂತ ಮಾತ್ರ ನಾನು ಹೇಳಲ್ಲ.

ಹಾಗಾದ್ರೆ ಎಲ್ಲಿ? ಇದಕ್ಕೆ ಉತ್ತರ ಕೊಟ್ಟಿದ್ದು ಅವರಲ್ಲೇ ಒಬ್ಬ, ಕುಷ್ಟಗಿ ಕಡೆ ಹಳ್ಳಿಯವನು, ಅಲ್ಲಿಯವರೆಗೆ ಮಾತೇ ಆಡಿರಲಿಲ್ಲ. "ಯಲಬುರ್ಗಾ ಕಡೆ ಎರಿ ಹೊಲ್ರಿ, ಬಿಳಿಜೋಳ ನಿಂತಿರ್ತಾವ, ಅಲ್ಲಿ ಆಗಂಗಿಲ್ಲ. ನಮ್ದು ಮಸಾರಿ. ಸಜ್ಜಿ, ಶೇಂಗಾ ತೆಗೆದ ಮ್ಯಾಲೆ ಹೊಲ ಖಾಲಿನೇ ಇರ್ತಾವ." ಅಲ್ಲಿಗೆ ಆಟದ ತಿಂಗಳೂ ಸಿಕ್ಕಿತು. ಡಿಸೆಂಬರ್, ಜನವರಿ. ಮಾರ್ಚ್ ಆದ ಮೇಲೆ ಆ ಬಿಸಿಲಿನಲ್ಲಿ ದಪ್ಪ ಬಟ್ಟೆ, ಮುಖವಾಡ ಹಾಕ್ಕೊಂಡು ಓಡಿದರೆ ಮೊದಲು ಬೀಳೋದು ಗೋಲಿಗೆ ಅಲ್ಲ, ಬಿಸಿಲಿಗೆ. ಖಾಲಿ ಹೊಲ ಅಂದ್ರೂ ಪೂರ್ತಿ ಖಾಲಿ ಅಲ್ಲ. ಗೊಬ್ಬರಕ್ಕೆ ಅಂತ ಕುರಿ ನಿಲ್ಲಿಸಿರ್ತಾರೆ. ನೂರೈವತ್ತು ಜನ, ತಲೆಗೆ ಸಾವಿರ ಗೋಲಿ ಅಂತ ಇಟ್ಕೊಳ್ಳಿ, ಒಂದೂವರೆ ಲಕ್ಷ ಗೋಲಿ, 30 ಕಿಲೋ ಪ್ಲಾಸ್ಟಿಕ್ ಬೇರೆಯವರ ಹೊಲದಲ್ಲಿ. ಕುರಿ ತಿಂದರೆ? ಮಣ್ಣಲ್ಲಿ ಕರಗೋ ಗೋಲಿ ಅಂತ ಮಾರ್ತಾರೆ, ಒಣ ಮಣ್ಣಲ್ಲಿ ಅದು ಅಷ್ಟು ಬೇಗ ಕರಗೋದಿಲ್ಲ. ಹೊಲದ ಯಜಮಾನನಿಗೆ ಬಾಡಿಗೆ ಕೊಡಬೇಕು, ಕುರಿಗಾರರ ಹತ್ತಿರವೂ ಕೂತು ಮಾತಾಡಬೇಕು. ಹೊಲದ ಕಾಗದದಲ್ಲಿ ಕುರಿಗಾರರ ಹೆಸರು ಇರೋದಿಲ್ಲ, ಆದ್ರೆ ನಷ್ಟ ಆಗೋದು ಅವರಿಗೇ.

ಇನ್ನೊಂದು ವಿಷಯ ನನಗೆ ಭಾರಿ ಹಿಡಿಸಿತು. ಪೇಂಟ್‌ಬಾಲ್‌ನಲ್ಲಿ ಗೋಲಿ ಬಿದ್ದರೆ ಬಣ್ಣ ಅಂಟುತ್ತೆ, ತಪ್ಪಿಸಿಕೊಳ್ಳೋಕೆ ಆಗಲ್ಲ. ಏರ್‌ಸಾಫ್ಟ್‌ನಲ್ಲಿ ಗುರುತೇ ಇಲ್ಲ. ಬಿದ್ದವನೇ ಕೈ ಎತ್ತಿ "ಬಿತ್ತು" ಅನ್ನಬೇಕು, ಕೆಂಪು ಬಟ್ಟೆ ತಲೆ ಮೇಲೆ ಹಾಕ್ಕೊಂಡು ಹೊರಗೆ ನಡೀಬೇಕು. ಹೊಡೆದವನು ಐವತ್ತು ಮೀಟರ್ ದೂರ, ಅಂಪೈರ್ ಬಂಡೆಯ ಆ ಕಡೆ. ಬಿದ್ದವನಿಗೆ ಮಾತ್ರ ಗೊತ್ತು. ಗಲ್ಲಿ ಕ್ರಿಕೆಟ್‌ನಲ್ಲಿ ಬ್ಯಾಟಿಗೆ ತಾಗಿದ್ದು ತಾಗಿಲ್ಲ ಅಂತ ದೇವರ ಮೇಲೆ ಆಣೆ ಇಟ್ಟವರು ನಾವು! ನೂರೈವತ್ತು ಜನರಲ್ಲಿ ಹತ್ತು ಜನ ಹೀಗೆ ಮಾಡಿದರೆ ಸಾಕು, ಮಧ್ಯಾಹ್ನದೊಳಗೆ ಆಟ ಜಗಳ ಆಗುತ್ತೆ, ಕೈಯಲ್ಲಿರೋದು ಬಂದೂಕಿನಂಥ ವಸ್ತು. ಹೊರದೇಶದ ಸಂಘಟಕರಿಗೂ ಇದೇ ದೊಡ್ಡ ತಲೆನೋವು. ಅದಕ್ಕೇ ಹೊಸಬರನ್ನ ನೇರವಾಗಿ ದೊಡ್ಡ ಆಟಕ್ಕೆ ಸೇರಿಸಿಕೊಳ್ಳಬಾರದು. ಮೊದಲು ಇಪ್ಪತ್ತು ಜನ, ಆಮೇಲೆ ನಲವತ್ತು, ಹೀಗೆ. ಸುಳ್ಳು ಹೇಳೋರು ಯಾರು ಅಂತ ಸಣ್ಣ ಆಟದಲ್ಲೇ ಗೊತ್ತಾಗಿಬಿಡುತ್ತೆ.

ಜನರನ್ನ ಸಂಭಾಳಿಸೋದು ಕೊಪ್ಪಳದವರಿಗೆ ಹೇಳಿಕೊಡಬೇಕಾಗಿಲ್ಲ. ಪ್ರತಿ ಜನವರಿ ಗವಿಮಠದ ಜಾತ್ರೆ ನೋಡಿ. ಲಕ್ಷಾಂತರ ಜನ. ಹಳ್ಳಿ ಹಳ್ಳಿಯಿಂದ ರೊಟ್ಟಿ ಬರುತ್ತೆ, ಚಕ್ಕಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ. ದಾಸೋಹ ಎಲ್ಲೂ ನಿಲ್ಲೋದಿಲ್ಲ. ಹಾಗಾದ್ರೆ ನೂರೈವತ್ತು ಜನರ ಆಟ ಯಾಕೆ ಕಷ್ಟ? ಜಾತ್ರೆ ಅಂದ್ರೆ ಏನು ಅಂತ ಎಲ್ಲರಿಗೂ ಗೊತ್ತು. ರಥ ಬಂತು ಅಂದ್ರೆ ಯಾರೂ 112ಕ್ಕೆ ಫೋನ್ ಮಾಡಲ್ಲ. ಹೊಲದ ಬದುವಿನಲ್ಲಿ ಮುಖ ಮುಚ್ಚಿಕೊಂಡ, ಕೈಯಲ್ಲಿ ಎಕೆ-47 ಹಿಡಿದ ಆರು ಜನ ಕಂಡರೆ ಮಾಡ್ತಾರೆ. ಮಾಡಬೇಕು ಕೂಡ. ಪಹಲ್ಗಾಮ್ ಆದ ಮೇಲೆ ಮಾಡದೇ ಇದ್ರೆ ತಪ್ಪು.

2025ರ ಮೇ 7ರಂದು ದೇಶದಲ್ಲಿ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೀತಲ್ಲ, ನಮ್ಮ ಪಕ್ಕದ ರಾಯಚೂರೂ ಅದರ ಪಟ್ಟಿಯಲ್ಲಿತ್ತು. ಸೈರನ್ ಮೊಳಗಿದರೂ ಜನ ಓಡಿಹೋಗಲಿಲ್ಲ. ಯಾಕೆ? ಮೊದಲೇ ಎಲ್ಲಾ ಟಿವಿಯಲ್ಲಿ, ಪತ್ರಿಕೆಯಲ್ಲಿ ಹೇಳಿದ್ದರು. ಸರ್ಕಾರಕ್ಕೇ ಡಂಗುರ ಬೇಕಾಯ್ತು ಅಂದ್ರೆ ಈ ಹುಡುಗರಿಗೆ ಬೇಡವಾ? ಸುತ್ತಲಿನ ಪ್ರತಿ ಹಳ್ಳಿಯಲ್ಲಿ ಡಂಗುರ ಸಾರಿಸಿ, ಪಂಚಾಯ್ತಿ ಗೋಡೆಗೆ ಚೀಟಿ ಅಂಟಿಸಿ, ಠಾಣೆಗೆ ಆಟಗಾರರ ಪಟ್ಟಿ ಕೊಡಿ, ಗನ್ ಎಲ್ಲಾ ಚೀಲದೊಳಗೇ ಬರಲಿ, ಬೈಕ್ ಮೇಲೆ ನೇತಾಡಿಸಿಕೊಂಡು ರೀಲ್ಸ್ ಮಾಡಬೇಡಿ. ಸೈನ್ಯದ ಸಮವಸ್ತ್ರದ ಹಾಗಿರೋ ಬಟ್ಟೆ ಬೇಡವೇ ಬೇಡ. ಸೈನಿಕನೆಂದು ನಂಬಿಸೋಕೆ ಆ ವೇಷ ತೊಡೋದು ಅಪರಾಧ. ಕೆಂಪು ಟೀಶರ್ಟ್, ನೀಲಿ ಟೀಶರ್ಟ್ ಸಾಕು. ಆಟದ ಮಜಾ ಸ್ವಲ್ಪ ಕಮ್ಮಿ ಆಗುತ್ತೆ, ಆಗಲಿ.

ಈಗ ನನ್ನ ಮನೆಯ ವಿಷಯ. ನನ್ನ ಮನೆ ಅಂದ್ರೆ ಈ ಸ್ಟುಡಿಯೋ. ಇವರು ಯಾರಿಗೂ ಹೇಳದೆ ಆಡಿಬಿಟ್ಟರು, ಯಾರೋ ವಿಡಿಯೋ ಮಾಡಿದರು, ಅದು ನಮ್ಮ ಡೆಸ್ಕಿಗೆ ಬಂತು ಅಂತ ಇಟ್ಕೊಳ್ಳಿ. ಸ್ಕ್ರೀನ್ ಮೇಲೆ ಏನು ಬರುತ್ತೆ? "ಗಂಗಾವತಿ ಗುಡ್ಡದಲ್ಲಿ ಶಸ್ತ್ರ ತರಬೇತಿ?" ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ. ಆ ಚಿಹ್ನೆ ನಮ್ಮ ವಕೀಲರಿಗೋಸ್ಕರ. ನಿಮಗೋಸ್ಕರ ಅಲ್ಲ. ಆಮೇಲೆ ಹೆಸರುಗಳು ಬರ್ತವೆ. ಬಾನೆಟ್ ಹತ್ತಿರ ನಿಂತಿದ್ದ ಐದು ಜನರಲ್ಲಿ ಇಬ್ಬರು ಮುಸ್ಲಿಂ ಹುಡುಗರು. ನಕ್ಷೆ ಬರೆದವನು ಅವರಲ್ಲೊಬ್ಬ, ಕೈ ಬಹಳ ಚೆಂದ. ಆ ಎರಡು ಹೆಸರು ಓದಿದ ಮೇಲೆ ಪ್ರಶ್ನಾರ್ಥಕ ಚಿಹ್ನೆಯೂ ಬಿದ್ದುಹೋಗುತ್ತೆ, ವೀಕ್ಷಕರೇ. ಆ ಚೆಂದದ ನಕ್ಷೆಯನ್ನ ಗ್ರಾಫಿಕ್ಸ್‌ನಲ್ಲಿ ಕೆಂಪು ವೃತ್ತ ಹಾಕಿ ರಾತ್ರಿ ಒಂಬತ್ತರವರೆಗೆ ತಿರುಗಿಸ್ತೀವಿ. ಮೂರು ದಿನ ಬಿಟ್ಟು ಪೊಲೀಸರು "ಆಟಿಕೆ, ಏನೂ ಇಲ್ಲ" ಅಂತ ಹೇಳಿದರೆ ಅದು ಕೆಳಗಿನ ಸ್ಕ್ರೋಲ್‌ನಲ್ಲಿ ಹೋಗುತ್ತೆ, ಚಿನ್ನದ ರೇಟಿನ ಪಕ್ಕ. ಆ ಹುಡುಗನಿಗೆ ಆಮೇಲೆ ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಯಾರು ಕೊಡ್ತಾರೆ? ಐವರಲ್ಲಿ ಮೂವರು ಅಗ್ನಿವೀರ್‌ಗೆ ಓಡೋ ಪ್ರಾಕ್ಟೀಸ್ ಮಾಡ್ತಿದ್ದಾರೆ. ಅವನೂ ಮಾಡ್ತಿದ್ದಾನೆ.

ಇದನ್ನ ನಾನು ಅವರಿಗೆ ಹೇಳಬೇಕಾಗಿ ಬಂತು. ಹೇಳುವಾಗ ನಾಚಿಕೆಯಾಯ್ತು. ಅವನು ಮಾತ್ರ ಸುಮ್ಮನೆ, "ಗೊತ್ತೈತಿ ಸರ್, ಅದಕ್ಕ ಮೊದಲ ನಿಮ್ಮನ್ನ ಕೇಳಾಕ ಬಂದೀವಿ" ಅಂದ.

ಮೊನ್ನೆ ಫೋನ್ ಮಾಡಿದ್ದರು. ಅರ್ಜಿ ಬರೆದಿದ್ದಾರಂತೆ, ಸ್ವೀಕೃತಿ ಸಿಕ್ಕಿದೆ, ಉತ್ತರ ಬಂದಿಲ್ಲ. ನೂರೈವತ್ತು ಜನ ಇದ್ದದ್ದು ಇಪ್ಪತ್ನಾಲ್ಕಕ್ಕೆ ಇಳಿದಿದೆ, ಎರಡು ದಿನ ಇದ್ದದ್ದು ಒಂದು ಹಗಲಾಗಿದೆ. ಗನ್ ಬದಲು ಸದ್ಯಕ್ಕೆ ಬಟ್ಟೆ ಚೆಂಡಿನಿಂದ ರಿಹರ್ಸಲ್. ಜಾತ್ರೆ ಮುಗಿದ ಮುಂದಿನ ಭಾನುವಾರ, ಕುಷ್ಟಗಿ ಕಡೆಯ ಆ ಮಸಾರಿ ಹೊಲದಲ್ಲಿ. ಹೊಲದ ಯಜಮಾನರು ಬಾಡಿಗೆ ಬೇಡ ಅಂದಿದ್ದಾರೆ, ತಮ್ಮ ಮೊಮ್ಮಗನನ್ನ ಸೇರಿಸಿಕೊಂಡರೆ ಸಾಕಂತೆ. ನನ್ನನ್ನ ಅಂಪೈರ್ ಆಗಿ ಕರೆದಿದ್ದಾರೆ. ಕ್ಯಾಮೆರಾ ತರ್ತೀನಿ ಅಂದೆ. ತರ್ರಿ, ಗಾಗಲ್ಲೂ ತರ್ರಿ ಅಂದರು.