ವ್ಯಾಯಾಮದ ಫಲದಲ್ಲಿ ದೇಹಭೇದ ಮತ್ತು ಮಧುಮೇಹ



ಕಾಯಕಕ್ಕೆ ಶರಣಧರ್ಮದಲ್ಲಿ ಇರುವ ಹಿರಿಮೆಯನ್ನು ಈ ಸಭೆಗೆ ವಿವರಿಸಬೇಕಾದುದಿಲ್ಲ. ಆದರೆ ಈ ಹಿರಿಮೆಯ ನೆರಳಿನಲ್ಲಿಯೇ ಭಕ್ತವರ್ಗದಲ್ಲಿ ಒಂದು ತಪ್ಪು ಭಾವನೆಯೂ ಬೆಳೆದಿರುವುದು. ಮೈಮುರಿದು ದುಡಿಯುವವನಿಗೆ ಸಕ್ಕರೆಯ ರೋಗವು ಬಾರದು, ಬಂದಿತೆಂದರೆ ಅವನು ಮೈಗಳ್ಳನಾಗಿರಬೇಕು ಎಂಬುದೇ ಆ ಭಾವನೆ. ಒಂದೇ ಮನೆಯ ಅಣ್ಣತಮ್ಮಂದಿರಿಬ್ಬರು ದಿನವೂ ಬೆಳಗಿನ ಲಿಂಗಪೂಜೆಯನ್ನು ಮುಗಿಸಿ ಒಂದೇ ದಾರಿಯಲ್ಲಿ ಒಂದೇ ದೂರವನ್ನು ನಡೆಯುತ್ತಾರೆಂದು ಇಟ್ಟುಕೊಳ್ಳೋಣ. ಆರು ತಿಂಗಳ ತರುವಾಯ ಅಣ್ಣನ ರಕ್ತದ ಸಕ್ಕರೆಯು ಇಳಿಯುವುದು. ತಮ್ಮನದು ಇದ್ದಂತೆಯೇ ಇರುವುದು. ಮನೆಯವರು ತಮ್ಮನನ್ನು ಕದ್ದು ತಿನ್ನುವವನೆಂದು ಜರೆಯುವರು. ಅವನು ನಾಚಿ, ನಡೆಯುವುದನ್ನೂ ಬಿಡುವನು, ವೈದ್ಯರ ಬಳಿಗೆ ಹೋಗುವುದನ್ನೂ ಬಿಡುವನು. ಈ ಅಪವಾದವು ನ್ಯಾಯವಾದುದೇ ಎಂಬುದೇ ಇಲ್ಲಿಯ ವಿಚಾರ.

ಪ್ರಾಚೀನರು ಈ ಭೇದವನ್ನು ಅರಿಯದವರಲ್ಲ. ಸುಶ್ರುತಸಂಹಿತೆಯು ಪ್ರಮೇಹವನ್ನು ಎರಡು ಬಗೆಯಾಗಿ ವಿಂಗಡಿಸಿದೆ: ಹುಟ್ಟಿನಿಂದ ಬಂದುದು ಒಂದು, ಅಪಥ್ಯದಿಂದ ಬಂದುದು ಇನ್ನೊಂದು. ಮೊದಲನೆಯವನು ಕೃಶನು, ಎರಡನೆಯವನು ಸ್ಥೂಲನು. ಕೃಶನಿಗೆ ಪೋಷಣೆಯನ್ನೂ ಸ್ಥೂಲನಿಗೆ ಮೈ ಇಳಿಸುವ ಉಪಾಯವನ್ನೂ ವಿಧಿಸಿದ ಆ ಗ್ರಂಥವು, ಕೈಯಲ್ಲಿ ಹಣವಿಲ್ಲದ ರೋಗಿಯು ನೂರು ಯೋಜನ ನಡೆಯಲಿ, ಇಲ್ಲವೆ ಬಾವಿ ತೋಡಲಿ ಎಂದೂ ಹೇಳುತ್ತದೆ. ವ್ಯಾಯಾಮವನ್ನು ಔಷಧವಾಗಿ ಕೊಟ್ಟವರೂ ಎಲ್ಲರಿಗೂ ಒಂದೇ ಕಟ್ಟಳೆಯನ್ನು ಮಾಡಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ನಡಿಗೆಯು ಸಕ್ಕರೆಯನ್ನು ಇಳಿಸುವ ಬಗೆ ಹೀಗಿದೆ. ಉಂಡ ಅನ್ನದ ಸಕ್ಕರೆಯು ರಕ್ತದಿಂದ ಸ್ನಾಯುವಿನೊಳಕ್ಕೆ ಹೋಗಲು ಇನ್ಸುಲಿನ್ ಎಂಬ ರಸವು ಬಾಗಿಲನ್ನು ತೆರೆಯಬೇಕು. ಸ್ನಾಯುವು ದುಡಿಯುತ್ತಿರುವಾಗಲಾದರೋ ಆ ರಸದ ಅಪ್ಪಣೆಗೆ ಕಾಯದೆ ಬಾಗಿಲು ತಾನಾಗಿ ತೆರೆಯುತ್ತದೆ. ದುಡಿಮೆ ನಿಂತ ಮೇಲೆಯೂ ಒಂದೆರಡು ದಿನ ಸ್ನಾಯುವು ಇನ್ಸುಲಿನ್ನಿನ ಮಾತನ್ನು ಚೆನ್ನಾಗಿ ಕೇಳುತ್ತದೆ. ಆದುದರಿಂದಲೇ ವಾರಕ್ಕೊಮ್ಮೆ ದೂರ ನಡೆದು ಆರು ದಿನ ಕುಳಿತಿರುವುದಕ್ಕಿಂತ ದಿನವೂ ಸ್ವಲ್ಪ ನಡೆಯುವುದು ಲೇಸು.

ಇದರ ಫಲವನ್ನು ಚೀನದೇಶದ ದಾಚಿಂಗ್ ನಗರದಲ್ಲಿ ಪರೀಕ್ಷಿಸಿ ನೋಡಿದ್ದಾರೆ. 1986ರಲ್ಲಿ ಆರಿಸಿದ, ಮಧುಮೇಹದ ಹೊಸ್ತಿಲಲ್ಲಿದ್ದ 577 ಜನರನ್ನು ಗುಂಪುಗಳಾಗಿ ಮಾಡಿ 6 ವರ್ಷ ಗಮನಿಸಲಾಯಿತು. ವಿಶೇಷ ಉಪಚಾರವಿಲ್ಲದ ಗುಂಪಿನಲ್ಲಿ ನೂರಕ್ಕೆ 67.7 ಜನರಿಗೆ ರೋಗವು ತಗುಲಿತು. ವ್ಯಾಯಾಮದ ಗುಂಪಿನಲ್ಲಿ 41.1 ಜನರಿಗೆ. ನಮ್ಮ ದೇಶದಲ್ಲಿಯೇ ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಇಂತಹ 531 ಜನರಲ್ಲಿ ನಡೆಸಿದ ಪರೀಕ್ಷೆಯು 2006ರಲ್ಲಿ ಪ್ರಕಟವಾಯಿತು. 3 ವರ್ಷಗಳ ಲೆಕ್ಕದಲ್ಲಿ, ಸಾಮಾನ್ಯ ಸಲಹೆ ಪಡೆದವರಲ್ಲಿ ನೂರಕ್ಕೆ 55 ಜನರಿಗೂ, ನಡಿಗೆ ಮತ್ತು ಆಹಾರದ ನಿಯಮಕ್ಕೆ ಒಳಪಟ್ಟವರಲ್ಲಿ 39.3 ಜನರಿಗೂ ರೋಗ ಬಂದಿತು. ವ್ಯಾಯಾಮದ ಹಿರಿಮೆಯನ್ನು ಹೇಳುವವರು ಈ ಅಂಕೆಗಳನ್ನು ಎತ್ತಿ ಹೇಳುತ್ತಾರೆ, ಅದು ಸರಿಯೇ. ಆದರೆ ಅದೇ ಅಂಕೆಗಳನ್ನು ಮಗ್ಗುಲು ತಿರುಗಿಸಿ ನೋಡಬೇಕು. ನಿಯಮದ ಗುಂಪಿನಲ್ಲಿಯೂ 39 ಜನರಿಗೆ ರೋಗ ಬಂದಿತು. ನಿಯಮವಿಲ್ಲದ ಗುಂಪಿನಲ್ಲಿಯೂ 45 ಜನರು ಪಾರಾದರು. ಹೀಗಿರುವಲ್ಲಿ, ರೋಗ ಬಂದವನನ್ನು ನೋಡಿದೊಡನೆ ಅವನ ಶೀಲವನ್ನು ಅಳೆಯುವುದು ಹೇಗೆ?

ಫಲಭೇದವನ್ನು ಅಳೆದ ಇನ್ನೊಂದು ಪ್ರಯತ್ನವು ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ನಡೆದ, ‘ಹೆರಿಟೇಜ್’ ಎಂದು ಹೆಸರಾದ ಅಧ್ಯಯನ. ತಾಯಿತಂದೆ ಮಕ್ಕಳನ್ನೊಳಗೊಂಡ ಕುಟುಂಬಗಳಿಗೆ 20 ವಾರ, ವಾರಕ್ಕೆ 3 ಬಾರಿ, ಕಣ್ಣೆದುರಿನಲ್ಲಿಯೇ ನಿಂತು ಸೈಕಲ್ ಯಂತ್ರವನ್ನು ತುಳಿಸಲಾಯಿತು. ಇಲ್ಲಿ ಕಳ್ಳತನಕ್ಕೆ ಎಡೆಯಿಲ್ಲ. ಆದರೂ ಕೆಲವರ ಉಸಿರಿನ ಶಕ್ತಿ ಬಹಳ ಏರಿತು, ಕೆಲವರದು ಏರಲೇ ಇಲ್ಲ. ಈ ಭೇದದಲ್ಲಿ ಹೆಚ್ಚೆಂದರೆ ಸುಮಾರು ಅರ್ಧದಷ್ಟು ಮನೆತನದಿಂದ ಬಂದುದೆಂದು 1999ರಲ್ಲಿ ಎಣಿಸಿದರು. ಇನ್ಸುಲಿನ್ನಿಗೆ ದೇಹವು ಓಗೊಡುವ ಗುಣವು ಸರಾಸರಿಯಲ್ಲಿ ನೂರಕ್ಕೆ 10ರಷ್ಟು ಉತ್ತಮವಾದರೂ, ಹತ್ತರಲ್ಲಿ ಸುಮಾರು ನಾಲ್ವರಿಗೆ ಆ ಲಾಭ ದೊರೆಯಲಿಲ್ಲ.

ಕಾರಣವು ಒಂದೇ ಅಲ್ಲ. ಮೈಯ ಕೊಬ್ಬು ಎಲ್ಲಿ ಎಷ್ಟಿದೆ ಎಂಬುದು ತೂಕದಿಂದ ತಿಳಿಯದು. 2004ರಲ್ಲಿ ಪುಣೆಯ ಡಾ. ಯಾಜ್ಞಿಕರೂ ಲಂಡನ್ನಿನ ಡಾ. ಯೂಡ್ಕಿನ್ನರೂ ತಮ್ಮ ದೇಹಗಳನ್ನೇ ನಿದರ್ಶನವಾಗಿ ಒಡ್ಡಿದರು. ಎತ್ತರ ತೂಕಗಳ ಲೆಕ್ಕದಲ್ಲಿ ಇಬ್ಬರಿಗೂ 22.3 ಎಂಬ ಒಂದೇ ಅಂಕೆ; ಕೊಬ್ಬಾದರೋ ಯೂಡ್ಕಿನ್ನರಲ್ಲಿ ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ನಮ್ಮವರಲ್ಲಿ ಸಣಕಲು ಮೈಯವನಿಗೂ ಈ ರೋಗವು ಬರುವುದರ ಗುಟ್ಟು ಒಂದಷ್ಟು ಇಲ್ಲಿದೆ. ಯಕೃತ್ತಿನಲ್ಲಿ ಕೊಬ್ಬು ತುಂಬಿದವರಿಗೂ, ಇನ್ಸುಲಿನ್ ಒಸರುವ ಗ್ರಂಥಿಯೇ ಸೋತವರಿಗೂ ಸಾಧಾರಣ ವ್ಯಾಯಾಮವು ಸಾಲದೆ ಹೋಗುತ್ತದೆ. ಜರ್ಮನಿಯಲ್ಲಿ ಇಂತಹವರಿಗೆ ವಾರಕ್ಕೆ 3 ಗಂಟೆಗೆ ಬದಲು 6 ಗಂಟೆ ವ್ಯಾಯಾಮವನ್ನೂ ಹೆಚ್ಚಿನ ಮಾರ್ಗದರ್ಶನವನ್ನೂ ಕೊಟ್ಟಾಗ ಸಕ್ಕರೆಯು ಹೆಚ್ಚು ಇಳಿಯಿತೆಂದು 2021ರಲ್ಲಿ ವರದಿಯಾಗಿದೆ. ಕರುಳಿನ ಸೂಕ್ಷ್ಮಜೀವಿಗಳೂ ಇದರಲ್ಲಿ ಪಾತ್ರ ವಹಿಸುತ್ತವೆಂದು ಹಾಂಗ್‌ಕಾಂಗಿನವರು 2020ರಲ್ಲಿ ತೋರಿಸಿದರು. ಅವರು ನೋಡಿದ ಜನ ಕೆಲವರೇ ಆದುದರಿಂದ ಅದನ್ನೇ ನೆಚ್ಚಿ ಕೂಡುವ ಹಾಗಿಲ್ಲ.

ಇಷ್ಟನ್ನು ಕೇಳಿ, ‘ನನ್ನ ದೇಹಕ್ಕೆ ನಡಿಗೆ ಹಿಡಿಸದು’ ಎಂದು ಚಾಪೆ ಹಾಸುವವರೂ ಇದ್ದಾರು. ಅವರಿಗೆ ಈ ಮಾತು ಆಸರೆಯಾಗದು. ಒಂದು ದಿನದ ಅಳತೆಯು ಮರುದಿನವೇ ಬೇರೆಯಾಗುವುದುಂಟು; ನಿದ್ರೆಗೆಟ್ಟರೂ ಸಕ್ಕರೆ ಏರೀತು. ಒಂದೆರಡು ಅಳತೆಗಳಿಂದ ಫಲವಿಲ್ಲವೆಂದು ತೀರ್ಮಾನಿಸಲಾಗದು. ಅದಲ್ಲದೆ 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, 6 ವಾರದ ವ್ಯಾಯಾಮದಿಂದ ಕಸುವು ಹೆಚ್ಚದಿದ್ದವರಿಗೆ ವಾರಕ್ಕೆ ಇನ್ನೆರಡು ಬಾರಿ ಕೂಡಿಸಿ ಮತ್ತೆ 6 ವಾರ ಮಾಡಿಸಲು, ಅವರೆಲ್ಲರ ಕಸುವೂ ಹೆಚ್ಚಿತು. ಸಕ್ಕರೆ ಇಳಿಯದಿದ್ದರೂ ನಡಿಗೆಯಿಂದ ರಕ್ತದೊತ್ತಡಕ್ಕೋ ಎದೆಗೋ ನಿದ್ರೆಗೋ ಒಳಿತಾಗಿರಬಹುದು. ಆದುದರಿಂದ ಆ ತಮ್ಮನು ನಡಿಗೆಯನ್ನು ಬಿಡದೆ, ಮೂರು ತಿಂಗಳಿನ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆಯೊಡನೆ ವೈದ್ಯರನ್ನು ಕಾಣತಕ್ಕದ್ದು. ಔಷಧ ಬೇಕೆಂದು ಅವರು ಹೇಳಿದರೆ ಅದು ಅವನ ಕಾಯಕನಿಷ್ಠೆಗೆ ಕಳಂಕವಲ್ಲ. ಅಣ್ಣನೂ ಸಕ್ಕರೆ ಇಳಿಯಿತೆಂದು ತಾನಾಗಿ ಮಾತ್ರೆಯನ್ನು ಬಿಡಬಾರದು.

ಕೊನೆಯದಾಗಿ, ಜಾತ್ರೆಗೂ ಕ್ಷೇತ್ರಗಳಿಗೂ ಪಾದಯಾತ್ರೆ ಹೊರಡುವ ಭಕ್ತರಿಗೆ ಒಂದು ಎಚ್ಚರ. ಹಳೆಯ ಮಧುಮೇಹಿಗಳ ಅಂಗಾಲಿಗೆ ನೋವು ತಿಳಿಯದೆ ಹೋಗುವುದುಂಟು. ಮುಳ್ಳು ನೆಟ್ಟರೂ, ಕಾದ ನೆಲದಿಂದ ಬೊಬ್ಬೆ ಎದ್ದರೂ ಅರಿವಾಗದೆ ಹುಣ್ಣು ಕೀವುಗಟ್ಟಿ ಕಾಲನ್ನೇ ಕಳೆದುಕೊಂಡವರಿದ್ದಾರೆ. ಗುರುಪಾದವನ್ನು ಭಕ್ತಿಯಿಂದ ತೊಳೆಯುವ ಕೈಗಳು ರಾತ್ರಿ ತಂಗುವಲ್ಲಿ ತಮ್ಮ ಪಾದಗಳನ್ನೂ ತೊಳೆದು, ಬೆರಳ ಸಂದುಗಳನ್ನು ದೀಪದ ಬೆಳಕಿನಲ್ಲಿ ನೋಡಿಕೊಳ್ಳಲಿ. ಇಂತಹವರು ಬರಿಗಾಲ ಹರಕೆಯನ್ನು ಹೊರದೆ ಮೆತ್ತನೆಯ ಪಾದರಕ್ಷೆಯನ್ನು ಮೆಟ್ಟತಕ್ಕದ್ದು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರೂ ಸಕ್ಕರೆಯನ್ನು ತೀರ ಇಳಿಸುವ ಮಾತ್ರೆ ನುಂಗುವವರೂ ಉಪವಾಸದಿಂದ ನಡೆಯಬಾರದು. ಮಡಿಲಲ್ಲಿ ಬೆಲ್ಲದ ಚೂರನ್ನೋ ಕಲ್ಲುಸಕ್ಕರೆಯನ್ನೋ ಇಟ್ಟುಕೊಂಡು, ಮೈ ಬೆವೆತು ಕೈ ನಡುಗಿದೊಡನೆ ಅದನ್ನು ತಿಂದು, ಜೊತೆಯವರಿಗೆ ಹೇಳಿ ಕುಳಿತುಕೊಳ್ಳಬೇಕು.